ಹೆರಿಗೆ ತವರಿನಲ್ಲಿ, ಶಸ್ತ್ರವೈದ್ಯರು ಮಹಾನಗರದಲ್ಲಿ

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಆಸ್ಪತ್ರೆಗಳ ಅಭಾವವೆಂಬುದು ತಮಗೆ ಸಂಬಂಧಿಸಿದ ಮಾತಲ್ಲವೆಂದು ತೋರುವುದು ಸಹಜ. ಮುಂಬಯಿಯ ಪರೇಲಿನಲ್ಲಿ 1929ರಿಂದ ಬಾಯಿ ಜೆರ್ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆಯಿದೆ. ಚೆನ್ನೈಯ ಎಗ್ಮೋರಿನಲ್ಲಿ ಸರ್ಕಾರಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ಹೈದರಾಬಾದಿನಲ್ಲಿ ನಿಲೋಫರ್, ದೆಹಲಿಯಲ್ಲಿ ಕಲಾವತಿ ಸರನ್ ಆಸ್ಪತ್ರೆ ಮತ್ತು ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಿವೆ. ಇವೆಲ್ಲವುಗಳಲ್ಲಿಯೂ ಮಕ್ಕಳ ಶಸ್ತ್ರಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗಗಳುಂಟು.

ಆದರೆ ಇದೇ ನಗರಗಳ ಕನ್ನಡ ಕುಟುಂಬಗಳಲ್ಲಿ ಒಂದು ಹಳೆಯ ಸಂಪ್ರದಾಯವೂ ಉಂಟು. ಸೀಮಂತ ಮುಗಿದೊಡನೆ ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಹೊರಡುತ್ತಾಳೆ. ಮಾಟುಂಗಾದಲ್ಲಿಯೋ ಸಿಕಂದರಾಬಾದಿನಲ್ಲಿಯೋ ಸಂಸಾರ ಹೂಡಿದವಳ ಮಗು ಜನಿಸುವುದು ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ. ಆ ಮಗುವಿಗೆ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಅಗತ್ಯವಾದರೆ, ಲೆಕ್ಕಕ್ಕೆ ಬರುವುದು ಮಹಾನಗರದ ವಿಳಾಸವಲ್ಲ, ತವರಿನ ವಿಳಾಸ. ಆದ್ದರಿಂದ ಮಕ್ಕಳ ಶಸ್ತ್ರವೈದ್ಯರು ದೇಶದಲ್ಲಿ ಎಲ್ಲೆಲ್ಲಿದ್ದಾರೆ, ಏಕೆ ಅಲ್ಲಿಯೇ ಇದ್ದಾರೆ ಎಂಬ ಪ್ರಶ್ನೆ ಹೊರನಾಡ ಕನ್ನಡಿಗರಿಗೂ ಮನೆಯ ಪ್ರಶ್ನೆಯೇ ಆಗಿದೆ.

ಪ್ರತ್ಯೇಕ ತಜ್ಞರು ಏಕೆ?

ಶಿಶುವೆಂದರೆ ಚಿಕ್ಕ ಗಾತ್ರದ ಹಿರಿಯನಲ್ಲ. ಮೂರು ಕಿಲೋ ತೂಕದ ನವಜಾತ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 250 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು. ಹಿರಿಯರು ಲೆಕ್ಕಿಸದಷ್ಟು ರಕ್ತಸ್ರಾವವೂ ಅದಕ್ಕೆ ಮಾರಕವಾಗಬಲ್ಲದು. ಅದರ ಮೈ ಬಹು ಬೇಗ ತಣ್ಣಗಾಗುತ್ತದೆ. ಅರಿವಳಿಕೆಯ ಮದ್ದನ್ನು ಅದರ ತೂಕಕ್ಕೆ ತಕ್ಕಂತೆ ಅಳೆದು ಕೊಡಬೇಕು. ಮೇಲಾಗಿ ಹುಟ್ಟಿನಿಂದ ಬರುವ ಅನೇಕ ನ್ಯೂನತೆಗಳು ಹಿರಿಯರ ಶಸ್ತ್ರವೈದ್ಯರು ಎಂದೂ ಕಾಣದಂಥವು. ಅನ್ನನಾಳ ನಡುವೆಯೇ ಮುಚ್ಚಿಕೊಂಡು ಹುಟ್ಟಿದ ಶಿಶುಗಳು ಬದುಕುಳಿಯುವುದೇ ದುರ್ಲಭವಾಗಿದ್ದ ಕಾಲವಿತ್ತು. 1941ರಲ್ಲಿ ಅಮೆರಿಕದ ಕ್ಯಾಮೆರಾನ್ ಹೈಟ್ ಅಂಥದೊಂದು ಅನ್ನನಾಳದ ಎರಡು ತುದಿಗಳನ್ನೂ ಒಮ್ಮೆಗೇ ಜೋಡಿಸುವುದರಲ್ಲಿ ಯಶಸ್ವಿಯಾದರು. ಇಂದು ಸುಸಜ್ಜಿತ ಕೇಂದ್ರಗಳಲ್ಲಿ ಇಂಥ ಬಹುಪಾಲು ಶಿಶುಗಳು ಬದುಕುತ್ತವೆ.

ಭಾರತದಲ್ಲಿ ಈ ಶಾಖೆಯ ತಜ್ಞರು 1965ರಲ್ಲಿ ತಮ್ಮದೇ ಸಂಘಟನೆಯನ್ನು ಕಟ್ಟಿಕೊಂಡರು. ಆದರೆ ಒಬ್ಬ ತಜ್ಞ ಸಿದ್ಧನಾಗುವ ದಾರಿ ದೀರ್ಘವಾದುದು. ಎಂ.ಬಿ.ಬಿ.ಎಸ್.ಗೆ ಐದೂವರೆ ವರ್ಷ, ಎಂ.ಎಸ್.ಗೆ ಮೂರು ವರ್ಷ, ಆಮೇಲೆ ಎಂ.ಸಿ.ಎಚ್.ಗೆ ಮತ್ತೆ ಮೂರು ವರ್ಷ. ಒಟ್ಟು ಹನ್ನೊಂದೂವರೆ ವರ್ಷ. ಇಷ್ಟು ಶ್ರಮಪಟ್ಟ ಮೇಲೂ ಇತರ ಶಾಖೆಗಳಷ್ಟು ಆದಾಯವಿಲ್ಲದ ಕಾರಣ ಇತ್ತೀಚಿನ ವರ್ಷಗಳಲ್ಲಿ ಈ ಶಾಖೆಯ ಅನೇಕ ಸೀಟುಗಳು ಭರ್ತಿಯಾಗದೆ ಉಳಿದಿವೆ.

ಹಂಚಿಕೆಯ ಲೆಕ್ಕ

ಸಂಖ್ಯೆ ಕಡಿಮೆ ಎಂಬುದು ಸಮಸ್ಯೆಯ ಅರ್ಧ ಭಾಗ ಮಾತ್ರ. ಉಳಿದರ್ಧ ಹಂಚಿಕೆಯದು. 2011ರ ಜನಗಣತಿಯಂತೆ ದೇಶದ ಜನರಲ್ಲಿ ಶೇಕಡಾ 69ರಷ್ಟು ಮಂದಿ ಗ್ರಾಮವಾಸಿಗಳು. ಮಕ್ಕಳ ಶಸ್ತ್ರವೈದ್ಯರಾದರೋ ಬಹುತೇಕ ದೊಡ್ಡ ನಗರಗಳಲ್ಲಿ, ವೈದ್ಯಕೀಯ ಕಾಲೇಜುಗಳ ಆಸುಪಾಸಿನಲ್ಲಿ ಕೇಂದ್ರೀಕೃತರಾಗಿದ್ದಾರೆ. ಇದನ್ನು ವೈದ್ಯರ ನಗರವ್ಯಾಮೋಹವೆಂದು ಹಳಿದುಬಿಡುವುದು ಸುಲಭ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಗುದದ್ವಾರವಿಲ್ಲದೆ ಅಥವಾ ಅದು ಸರಿಯಾಗಿ ರೂಪುಗೊಳ್ಳದೆ ಹುಟ್ಟುವುದು ಸುಮಾರು 5,000 ಶಿಶುಗಳಿಗೆ ಒಂದು. ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನನಗಳೆಂದು ಹಿಡಿದರೆ ಇಂಥ ಶಿಶುಗಳು ಸುಮಾರು 200. ಅದನ್ನು 31 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ವರ್ಷಕ್ಕೆ ಆರೇಳು ಮಾತ್ರ. ವರ್ಷಕ್ಕೆ ಆರೇಳು ಬಾರಿ ಮಾಡುವ ಕೆಲಸದಲ್ಲಿ ಯಾರ ಕೈಯೂ ಪಳಗದು. ಶಸ್ತ್ರವೈದ್ಯನೊಬ್ಬನಿದ್ದರೂ ಸಾಲದು. ಶಿಶುಗಳಿಗೆ ಅರಿವಳಿಕೆ ಕೊಡಬಲ್ಲ ತಜ್ಞರು, ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಕೃತಕ ಉಸಿರಾಟದ ಯಂತ್ರ, ರಕ್ತನಿಧಿ, ಹಗಲಿರುಳು ಕಾಯುವ ನುರಿತ ದಾದಿಯರು ಎಲ್ಲರೂ ಒಂದೆಡೆ ಸೇರಬೇಕು.

1969ರ ರಾಷ್ಟ್ರೀಕರಣದ ಬಳಿಕ ಬ್ಯಾಂಕುಗಳು ಹಳ್ಳಿಹಳ್ಳಿಗೂ ಶಾಖೆಗಳನ್ನು ತೆರೆದವು; ಮಕ್ಕಳ ಶಸ್ತ್ರಚಿಕಿತ್ಸೆಯನ್ನು ಹಾಗೆ ತೆರೆಯಲಾಗದು. ಆದರೆ ಅಲ್ಲಿಂದ ಕಲಿಯಬೇಕಾದ ಪಾಠವೊಂದುಂಟು. ಹಳ್ಳಿಯ ಶಾಖೆಯಲ್ಲಿ ಎಲ್ಲ ವ್ಯವಹಾರಗಳೂ ನಡೆಯವು. ಯಾವುದನ್ನು ತಾನು ಮಾಡಬೇಕು, ಯಾವುದನ್ನು ತಡಮಾಡದೆ ಪ್ರಧಾನ ಕಚೇರಿಗೆ ಕಳುಹಿಸಬೇಕು ಎಂಬುದು ಅದಕ್ಕೆ ತಿಳಿದಿರುತ್ತದೆ. ತೊಡೆಸಂದಿನ ಹರ್ನಿಯಾದಂಥ ಸಾಮಾನ್ಯ ತೊಂದರೆಗಳನ್ನು, ಮಗು ಸ್ವಲ್ಪ ಬೆಳೆದಿದ್ದರೆ, ತರಬೇತಿ ಪಡೆದ ಜಿಲ್ಲಾ ಶಸ್ತ್ರವೈದ್ಯರೇ ನಿರ್ವಹಿಸಬಹುದು. ನವಜಾತರ ವಿರಳ ನ್ಯೂನತೆಗಳು ದೊಡ್ಡ ಕೇಂದ್ರಗಳಿಗೇ ಹೋಗಬೇಕು. ಇವೆರಡರ ನಡುವಣ ಕೊಂಡಿ ಎಂದರೆ ಸುರಕ್ಷಿತ ಸಾಗಾಟ. ಅನೇಕ ಶಿಶುಗಳು ಸಾಯುವುದು ನ್ಯೂನತೆಯಿಂದಲ್ಲ. ತಡವಾಗಿ, ಮೈ ತಣ್ಣಗಾಗಿ, ನಂಜೇರಿ ಆಸ್ಪತ್ರೆ ಸೇರುವುದರಿಂದ.

ಗಡಿಗಿಂತ ರಸ್ತೆ ಮುಖ್ಯ

ಕರ್ನಾಟಕದ ನಕ್ಷೆಯನ್ನೇ ನೋಡಬಹುದು. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ವಾಣಿವಿಲಾಸ ಆಸ್ಪತ್ರೆಯೂ ಇವೆ. ಮಣಿಪಾಲ, ಹುಬ್ಬಳ್ಳಿ, ಬೆಳಗಾವಿಗಳಲ್ಲಿಯೂ ತಜ್ಞರಿದ್ದಾರೆ. ಆದರೆ ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಹೈದರಾಬಾದಿಗೆ 150ರ ಒಳಗೆ. ಕಾರವಾರದವರಿಗೆ ಮಂಗಳೂರಿಗಿಂತ ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜು ಬಹಳ ಹತ್ತಿರ. ಸುಸಜ್ಜಿತ ಆಸ್ಪತ್ರೆಯೊಂದು ತಮ್ಮ ಜಿಲ್ಲೆಗೆ ಬೇಕೆಂದು ಉತ್ತರ ಕನ್ನಡದ ಜನ 2022ರಲ್ಲಿ ದನಿಯೆತ್ತಿದುದು ಇದೇ ದೂರದ ನೋವಿನಿಂದ. ರೋಗಕ್ಕೆ ರಾಜ್ಯದ ಗಡಿ ತಿಳಿಯದು. ಹಾಗಾಗಿ ಗಡಿಜಿಲ್ಲೆಗಳ ಶಿಶುಗಳಿಗೆ ನೆರೆರಾಜ್ಯದ ನಗರವೇ ಸಮೀಪದ ಆಶ್ರಯ. ಆ ನಗರದಲ್ಲಿರುವ ಕನ್ನಡಿಗರೇ ಅವರಿಗೆ ಮೊದಲ ಪರಿಚಿತರು.

ಸರ್ಕಾರದ ನೆರವುಗಳೂ ಇಲ್ಲದಿಲ್ಲ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುಗಳಿಗೆ ಚಿಕಿತ್ಸೆಯೂ ಸಾಗಾಟವೂ ಉಚಿತ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ನ್ಯೂನತೆಗಳನ್ನು ಪತ್ತೆಹಚ್ಚುತ್ತದೆ. 2018ರ ಆಯುಷ್ಮಾನ್ ಭಾರತ ಯೋಜನೆಯಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ದೊರೆಯುತ್ತದೆ. ನೋಂದಾಯಿತ ಆಸ್ಪತ್ರೆಯಾದರೆ ಬೇರೆ ರಾಜ್ಯದಲ್ಲಿಯೂ ಅದನ್ನು ಬಳಸಬಹುದು.

ಕಾಲ ಕಾಯದ ಲಕ್ಷಣಗಳು

ಮನೆಯ ಹಿರಿಯರು, ಅದರಲ್ಲಿಯೂ ಬಾಣಂತನ ಮಾಡುವ ತಾಯಂದಿರು, ಈ ಕೆಳಗಿನವುಗಳನ್ನು ಅರಿತಿರುವುದು ಅವಶ್ಯ.

1. ನವಜಾತ ಶಿಶು ಹಸಿರು ಬಣ್ಣದ ವಾಂತಿ ಮಾಡಿದರೆ ಕರುಳು ತಿರುಚಿಕೊಂಡಿರಬಹುದು. ಗಂಟೆಗಳೊಳಗೆ ತಜ್ಞರು ನೋಡಲೇಬೇಕು.

2. ಬಾಯಲ್ಲಿ ನೊರೆ ಬರುತ್ತಲೇ ಇದ್ದು, ಹಾಲೂಡಿಸಿದೊಡನೆ ಉಸಿರುಗಟ್ಟಿ ಮೈ ನೀಲಿಯಾದರೆ ಅನ್ನನಾಳ ಮುಚ್ಚಿರಬಹುದು. ಜೇನು ನೆಕ್ಕಿಸುವುದು, ಸಕ್ಕರೆ ನೀರು ಹನಿಸುವುದು ಸಲ್ಲದು; ಅದು ಶ್ವಾಸಕೋಶ ಸೇರುವ ಅಪಾಯವುಂಟು.

3. ಗುದದ್ವಾರ ಕಾಣದಿದ್ದರೆ, ಅಥವಾ 24 ಗಂಟೆಗಳೊಳಗೆ ಮೊದಲ ಕಪ್ಪುಮಲ ಹೋಗದಿದ್ದರೆ ಒಡನೆಯೇ ವೈದ್ಯರಿಗೆ ತಿಳಿಸಬೇಕು.

4. ಎರಡು ವಾರ ಕಳೆದರೂ ಕಾಮಾಲೆ ಇಳಿಯದೆ, ಮಲ ಸುಣ್ಣದಂತೆ ಬಿಳಿಚಿದ್ದರೆ ಪಿತ್ತನಾಳದ ದೋಷವಿರಬಹುದು. ಇದರ ಶಸ್ತ್ರಚಿಕಿತ್ಸೆ ಆದಷ್ಟು 60 ದಿನಗಳೊಳಗೆ ನಡೆದರೆ ಫಲ ಹೆಚ್ಚು.

5. ತೊಡೆಸಂದಿನ ಉಬ್ಬು ಗಟ್ಟಿಯಾಗಿ, ಒಳಹೋಗದೆ, ಮಗು ಒಂದೇ ಸಮನೆ ಅತ್ತರೆ ಅದು ತುರ್ತು ಸ್ಥಿತಿ.

6. ವೃಷಣ ಚೀಲಕ್ಕೆ ಇಳಿಯದಿದ್ದರೆ ಆರು ತಿಂಗಳು ಕಾದು ತಜ್ಞರನ್ನು ಕಾಣಬೇಕು. ಒಂದೂವರೆ ವರ್ಷ ಮೀರಲು ಬಿಡಬಾರದು.

ದೃಷ್ಟಿ ತೆಗೆಯುತ್ತ, ಬಜೆ ತೇಯುತ್ತ ಕುಳಿತರೆ ಅಮೂಲ್ಯವಾದ ಗಂಟೆಗಳು ಉರುಳಿಹೋಗುತ್ತವೆ.

ಹೊರಡುವ ಮುನ್ನ

ತವರಿನ ಹೆರಿಗೆಯನ್ನು ಕೈಬಿಡಬೇಕೆಂದು ಹೇಳುವುದು ತರವಲ್ಲ. ತಾಯಿಯ ಕೈಯ ಬಾಣಂತನಕ್ಕೆ ಸಾಟಿ ಯಾವುದು? ಬೇಕಾದುದು ಪೂರ್ವಸಿದ್ಧತೆ. ಗರ್ಭದ 18ರಿಂದ 20 ವಾರಗಳ ನಡುವೆ ಅಂಗರಚನೆಯ ಸ್ಕ್ಯಾನ್ ಮಾಡಿಸಿದರೆ ಅನೇಕ ನ್ಯೂನತೆಗಳು ಮೊದಲೇ ತಿಳಿಯುತ್ತವೆ. ಆ ಕಾಲದಲ್ಲಿ ಗರ್ಭಿಣಿ ಸಾಮಾನ್ಯವಾಗಿ ಮಹಾನಗರದಲ್ಲಿಯೇ ಇರುತ್ತಾಳೆ. ದೋಷ ಕಂಡುಬಂದರೆ ಹೆರಿಗೆಯನ್ನು ದೊಡ್ಡ ಕೇಂದ್ರದ ಬಳಿಯೇ ಇಟ್ಟುಕೊಳ್ಳುವುದು ಲೇಸು; ತಾಯಿಯೇ ಮಗಳ ಬಳಿಗೆ ಬರಬಹುದಲ್ಲವೆ? ದೋಷ ಕಾಣದಿದ್ದರೂ ಸ್ಕ್ಯಾನಿನ ವರದಿ ಜೊತೆಗಿರಲಿ, ಹತ್ತಿರದ ಮಕ್ಕಳ ಶಸ್ತ್ರಚಿಕಿತ್ಸಾ ಕೇಂದ್ರದ ದೂರವಾಣಿ ಸಂಖ್ಯೆ ಮನೆಯವರ ಬಳಿಯಿರಲಿ. ಏಕೆಂದರೆ ಸ್ಕ್ಯಾನಿನ ಕಣ್ಣಿಗೆ ಬೀಳದ ದೋಷಗಳೂ ಉಂಟು. ಶಿಶುವನ್ನು ಕೊಂಡೊಯ್ಯುವಾಗ ಮೈಗೆ ಮೈ ತಾಗಿಸಿ ಬೆಚ್ಚಗಿಡಬೇಕು. ತಲುಪುವ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಿರಬೇಕು.

ಇನ್ನು ಕನ್ನಡ ಸಂಘಗಳು ಮಾಡಬಹುದಾದ ಕೆಲಸ ದೊಡ್ಡದು, ವೆಚ್ಚ ಚಿಕ್ಕದು. ತಮ್ಮ ನಗರದ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗಗಳ ಪಟ್ಟಿ, ಆಸ್ಪತ್ರೆಗೆ ಬಂದು ಕನ್ನಡದಲ್ಲಿ ತಿಳಿಹೇಳಬಲ್ಲ ನಾಲ್ವರು ಸದಸ್ಯರ ಹೆಸರು, ರಕ್ತದಾನಿಗಳ ಯಾದಿ, ಊರಿನಿಂದ ಬಂದ ತಂದೆತಾಯಿಗಳು ತಂಗಲು ಒಂದು ಕೋಣೆ: ಇಷ್ಟಿದ್ದರೆ ಸಾಕು. ಶಸ್ತ್ರವೈದ್ಯರು ಪ್ರತಿ ಜಿಲ್ಲೆಗೂ ಬರುವ ದಿನ ದೂರವಿರಬಹುದು. ಅಲ್ಲಿಯವರೆಗೆ ಹಸುಗೂಸು ಅವರ ಬಳಿಗೆ ಸಕಾಲದಲ್ಲಿ ತಲುಪುವಂತೆ ನೋಡಿಕೊಳ್ಳುವುದು ಮಹಾನಗರದ ಕನ್ನಡಿಗರ ಕೈಯಲ್ಲಿಯೇ ಇದೆ.