ಕೈಗೆ ತಕ್ಕ ಹಿಡಿಕೆ

ಟೀವಿ ರಿಮೋಟಿನ ಗುಂಡಿಯೊಂದು ಕೆಲಸ ನಿಲ್ಲಿಸಿದರೆ ನಮ್ಮ ಮನೆಗಳಲ್ಲಿ ಮೊದಲು ಮಾಡುವುದು ಅದನ್ನು ಅಂಗೈಗೆ ನಾಲ್ಕು ಸಲ ತಟ್ಟುವುದು. ಅದಕ್ಕೂ ಬಗ್ಗದಿದ್ದರೆ ಮನೆಯ ಧೈರ್ಯವಂತರೊಬ್ಬರು ಸ್ಕ್ರೂ ಬಿಚ್ಚಿ ಒಳಗೆ ಇಣುಕುತ್ತಾರೆ. ಅಲ್ಲಿರುವುದು ಒಂದು ರಬ್ಬರಿನ ಹಾಳೆ ಮತ್ತು ಒಂದು ಸರ್ಕ್ಯೂಟ್ ಬೋರ್ಡು. ರಬ್ಬರಿನ ಪ್ರತಿ ಗುಂಡಿಯ ಅಡಿಯಲ್ಲಿ ಒಂದು ಕಪ್ಪು ಬೊಟ್ಟು. ಬೊಟ್ಟು ಸವೆದಿದ್ದರೆ ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಕಾಗದದ ಚೂರನ್ನು ಅದರ ಮೇಲೆ ಅಂಟಿಸುವ ಉಪಾಯ ಅನೇಕರಿಗೆ ಗೊತ್ತು. ಗುಂಡಿಗೆ ಮತ್ತೆ ಜೀವ ಬರುತ್ತದೆ.

ಈ ರಿಪೇರಿ ಮಾಡಿದವರು ತಮಗೆ ಅರಿವಿಲ್ಲದೆಯೇ ಒಂದು ಸಂಗತಿಯನ್ನು ಕಂಡುಕೊಂಡಿರುತ್ತಾರೆ. ಬೋರ್ಡಿಗೆ ಗುಂಡಿಯ ಪರಿಚಯವೇ ಇಲ್ಲ. ಅದರ ಮೇಲಿನ ಎರಡು ತಾಮ್ರದ ಗೆರೆಗಳು ಒಂದಕ್ಕೊಂದು ಕೂಡಿದವೇ, ಇಲ್ಲವೇ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಕೂಡಿಸಿದ್ದು ರಬ್ಬರೋ, ಬೆಳ್ಳಿ ಕಾಗದವೋ, ಮಾರುದೂರದ ತಂತಿಯೋ ಎಂದು ಅದು ಕೇಳುವುದಿಲ್ಲ. ವಿಡಿಯೊ ಗೇಮ್ ಆಡುವವರು ಇದೇ ಸಂಗತಿಯ ಮೇಲೆ ಒಂದು ಕೈಕಸುಬನ್ನೇ ಕಟ್ಟಿದ್ದಾರೆ. ಅಂಗಡಿಯಿಂದ ತಂದ ಆಟದ ಕಂಟ್ರೋಲರನ್ನು ಬಿಚ್ಚಿ, ಬೋರ್ಡನ್ನು ಮಾತ್ರ ಇಟ್ಟುಕೊಂಡು, ಅದಕ್ಕೆ ತಮ್ಮ ಕೈಗೆ ಒಗ್ಗುವ ಹಿಡಿಕೆ ಮತ್ತು ಗುಂಡಿಗಳನ್ನು ಜೋಡಿಸುವುದು ಈ ಕಸುಬು. ‘ಪ್ಯಾಡ್ ಹ್ಯಾಕ್’ ಎಂದು ಅದಕ್ಕೆ ಹೆಸರು.

ಹೆಬ್ಬೆರಳಿನ ಪಾಡು

ಇದರ ಹಿಂದೆ ಒಂದು ಆಟದ ಕಥೆಯಿದೆ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಸ್ಟ್ರೀಟ್ ಫೈಟರ್ 2’ ಎಂಬ ಹೊಡೆದಾಟದ ಆಟವನ್ನು ಹೊರತಂದಿತು. ಮೊದಲಿಗೆ ಇದು ಮನೆಯ ಆಟವಾಗಿರಲಿಲ್ಲ. ಆರ್ಕೇಡ್‌ನಲ್ಲಿ, ಅಂದರೆ ನಾಣ್ಯ ಹಾಕಿ ಆಡುವ ಅಂಗಡಿಯಲ್ಲಿ, ದೊಡ್ಡ ಪೆಟ್ಟಿಗೆಯ ಮುಂದೆ ನಿಂತು ಆಡಬೇಕಿತ್ತು. ಎಡಗೈಗೆ ಎಂಟು ದಿಕ್ಕಿಗೂ ವಾಲುವ ಹಿಡಿಕೆ, ಬಲಗೈಗೆ ಆರು ಗುಂಡಿ. ಮೂರು ಗುದ್ದಿಗೆ, ಮೂರು ಒದೆತಕ್ಕೆ. ಹಿಡಿಕೆಯನ್ನು ಕೆಳಗಿನಿಂದ ಮುಂದಕ್ಕೆ ಕಾಲು ವೃತ್ತದಷ್ಟು ತಿರುಗಿಸಿ, ಕೂಡಲೇ ಗುದ್ದಿನ ಗುಂಡಿ ಒತ್ತಿದರೆ ಆಟಗಾರನ ಕೈಯಿಂದ ಬೆಂಕಿಯುಂಡೆ ಹೊಮ್ಮುತ್ತಿತ್ತು. ಗೆಲುವು ಸೋಲುಗಳೆಲ್ಲ ಕೈಯ ಓಟದ ಮೇಲೆ ನಿಂತಿದ್ದವು.

ಮರುವರ್ಷವೇ ಈ ಆಟ ನಿಂಟೆಂಡೊ ಯಂತ್ರದ ಮೂಲಕ ಮನೆಗೂ ಬಂತು. ಆದರೆ ಮನೆಯ ಕಂಟ್ರೋಲರಿನಲ್ಲಿ ಹಿಡಿಕೆ ಇರಲಿಲ್ಲ. ಅದರ ಜಾಗದಲ್ಲಿದ್ದದ್ದು ಕೂಡು ಚಿಹ್ನೆಯ ಆಕಾರದ ಗುಂಡಿ. 1982ರಲ್ಲಿ ನಿಂಟೆಂಡೊದ ಗುನ್‌ಪೆ ಯೊಕೊಯ್ ಜೇಬಿಗೆ ಹಿಡಿಸುವ ‘ಡಾಂಕಿ ಕಾಂಗ್’ ಆಟಕ್ಕಾಗಿ ರೂಪಿಸಿದ್ದ ವಿನ್ಯಾಸವದು. ಜೇಬಿಗೆ ಅದು ಜಾಣ ಉಪಾಯವೇ ಸರಿ. ಆದರೆ ಮಣಿಕಟ್ಟು ಮತ್ತು ಬೆರಳುಗಳೆಲ್ಲ ಸೇರಿ ಮಾಡುತ್ತಿದ್ದ ಕೆಲಸ ಈಗ ಎಡಗೈಯ ಒಂದೇ ಹೆಬ್ಬೆರಳಿನ ಪಾಲಾಯಿತು. ಬಲಗೈಯಲ್ಲೂ ಅಷ್ಟೇ. ಆರ್ಕೇಡಿನಲ್ಲಿ ಮೂರು ಬೆರಳು ಮೂರು ಗುಂಡಿಯ ಮೇಲೆ ಸಿದ್ಧವಾಗಿ ಕಾಯುತ್ತಿದ್ದವು. ಇಲ್ಲಿ ನಾಲ್ಕು ಗುಂಡಿಗೆ ಮತ್ತೆ ಒಂದೇ ಹೆಬ್ಬೆರಳು, ಉಳಿದ ಎರಡಕ್ಕೆ ತೋರುಬೆರಳು. ಹಾರ್ಮೋನಿಯಂ ಕಲಿತವರಿಗೆ ಹೆಬ್ಬೆರಳೊಂದರಲ್ಲೇ ನುಡಿಸಿ ಎಂದ ಹಾಗಾಯಿತು.

ಅಮೆರಿಕದಲ್ಲಿ ಆರ್ಕೇಡುಗಳು ಒಂದೊಂದಾಗಿ ಮುಚ್ಚುತ್ತ ಬಂದಂತೆ ಈ ಕೊರತೆ ದೊಡ್ಡದಾಯಿತು. 1996ರಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನ ಆರ್ಕೇಡ್ ಒಂದರಲ್ಲಿ ಶುರುವಾಗಿ, 2002ರಿಂದ ‘ಇವೊ’ ಎಂಬ ಹೆಸರು ಪಡೆದ ಪಂದ್ಯಾವಳಿ ಈ ಆಟಗಳ ದೊಡ್ಡ ಜಾತ್ರೆ. 2004ರಲ್ಲಿ ಅದೂ ಆರ್ಕೇಡ್ ಪೆಟ್ಟಿಗೆಗಳನ್ನು ಕೈಬಿಟ್ಟು ಮನೆಯ ಯಂತ್ರಗಳಿಗೆ ಬದಲಾಯಿತು. ಪೆಟ್ಟಿಗೆಯಲ್ಲೇ ಇರುತ್ತಿದ್ದ ಹಿಡಿಕೆಯನ್ನು ಇನ್ನು ಮುಂದೆ ಆಟಗಾರನೇ ಹೊತ್ತು ತರಬೇಕು. ಅಂಗಡಿಯಲ್ಲಿ ಸಿಗುತ್ತಿದ್ದ ಅನೇಕ ಹಿಡಿಕೆಗಳಿಗೆ ಆರ್ಕೇಡಿನ ಗಟ್ಟಿತನ ಇರಲಿಲ್ಲ. ಜಪಾನಿನ ಸಾನ್ವಾ, ಸೈಮಿತ್ಸು ಕಂಪನಿಗಳು ಆರ್ಕೇಡಿಗೆಂದು ಮಾಡುವ ಅಸಲಿ ಬಿಡಿಭಾಗಗಳು ಕೊಳ್ಳಲು ಸಿಗುತ್ತಿದ್ದವು. ಅವನ್ನು ಮನೆಯ ಯಂತ್ರಕ್ಕೆ ಜೋಡಿಸುವ ಕೊಂಡಿ ಮಾತ್ರ ಇರಲಿಲ್ಲ. ಯಂತ್ರ ತನ್ನದೇ ಸಂಕೇತಭಾಷೆಯಲ್ಲಿ ಮಾತನಾಡುತ್ತದೆ. ಆ ಭಾಷೆ ಬಲ್ಲದ್ದು ಅದರ ಕಂಟ್ರೋಲರಿನೊಳಗಿನ ಚಿಪ್ ಮಾತ್ರ. ಹಾಗಾಗಿ ಒಂದು ಕಂಟ್ರೋಲರನ್ನು ಬಲಿಕೊಡುವುದು ಅನಿವಾರ್ಯವಾಯಿತು.

ಹದಿನಾರು ತಂತಿಗಳ ಲೆಕ್ಕ

ಕೆಲಸ ನಡೆಯುವುದು ಹೀಗೆ. ಬೋರ್ಡಿನಲ್ಲಿ ಪ್ರತಿ ಗುಂಡಿಯ ಜಾಗಕ್ಕೂ ಎರಡು ತಾಮ್ರದ ಗೆರೆಗಳು ಬಂದು ಮುಟ್ಟಿಯೂ ಮುಟ್ಟದಂತೆ ನಿಂತಿರುತ್ತವೆ. ಒಂದು ಗೆರೆಯಲ್ಲಿ ಸಣ್ಣ ವೋಲ್ಟೇಜ್ ಇರುತ್ತದೆ. ಇನ್ನೊಂದು ‘ಗ್ರೌಂಡ್’, ಅಂದರೆ ಸೊನ್ನೆ ವೋಲ್ಟೇಜಿನ ಗೆರೆ. ಗುಂಡಿ ಒತ್ತಿದಾಗ ಎರಡೂ ಕೂಡಿ ಮೊದಲನೆಯದರ ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ. ಚಿಪ್ ಅದನ್ನು ಗಮನಿಸಿ ‘ಗುಂಡಿ ಒತ್ತಲಾಗಿದೆ’ ಎಂದು ಯಂತ್ರಕ್ಕೆ ಸುದ್ದಿ ಕಳಿಸುತ್ತದೆ.

ಆರ್ಕೇಡ್ ಗುಂಡಿಯೂ ಮಾಡುವುದು ಇದನ್ನೇ. 30 ಮಿಲಿಮೀಟರ್ ಅಗಲದ ಆ ಗುಂಡಿಯ ತಳದಲ್ಲಿ ಎರಡು ಲೋಹದ ನಾಲಿಗೆಗಳಿರುತ್ತವೆ. ಒತ್ತಿದರೆ ಒಳಗಿನ ಸ್ವಿಚ್ಚು ಎರಡನ್ನೂ ಕೂಡಿಸುತ್ತದೆ. ಹಿಡಿಕೆಯ ಬುಡದಲ್ಲಿರುವುದೂ ನಾಲ್ಕು ಸ್ವಿಚ್ಚುಗಳೇ. ಮೇಲೆ, ಕೆಳಗೆ, ಎಡ, ಬಲ. ಹಿಡಿಕೆಯನ್ನು ಮೂಲೆಗೆ ವಾಲಿಸಿದರೆ ಅಕ್ಕಪಕ್ಕದ ಎರಡು ಸ್ವಿಚ್ಚುಗಳು ಒಟ್ಟಿಗೆ ಕೂಡುತ್ತವೆ. ನಾಲ್ಕು ಸ್ವಿಚ್ಚಿನಿಂದ ಎಂಟು ದಿಕ್ಕು ಹುಟ್ಟುವುದು ಹೀಗೆ.

ಆದ್ದರಿಂದ ಕಸುಬುದಾರನು ರಬ್ಬರ್ ಹಾಳೆಯನ್ನು ಎಸೆದು, ತಾಮ್ರದ ಗೆರೆಯ ಮೇಲಿನ ಬಣ್ಣದ ಲೇಪವನ್ನು ಚಾಕುವಿನ ತುದಿಯಿಂದ ಹುಷಾರಾಗಿ ಕೆರೆದು, ಹೊಳೆಯುವ ತಾಮ್ರಕ್ಕೆ ಕೂದಲೆಳೆಗಿಂತ ತುಸು ದಪ್ಪದ ತಂತಿಯನ್ನು ಬೆಸೆಯುತ್ತಾನೆ. ತಂತಿಯ ಇನ್ನೊಂದು ತುದಿ ಆರ್ಕೇಡ್ ಗುಂಡಿಯ ನಾಲಿಗೆಗೆ. ಹಿಡಿಕೆಗೆ ನಾಲ್ಕು, ಆಟದ ಗುಂಡಿಗಳಿಗೆ ಎಂಟು, ಆರಂಭ ಇತ್ಯಾದಿ ಸಣ್ಣ ಗುಂಡಿಗಳಿಗೆ ಮೂರು, ಒಟ್ಟು ಹದಿನೈದು ತಂತಿ. ಗ್ರೌಂಡ್ ಎಲ್ಲಕ್ಕೂ ಒಂದೇ ಆದ್ದರಿಂದ ಹದಿನಾರನೆಯ ತಂತಿಯೊಂದನ್ನು ಹೂಮಾಲೆಯ ದಾರದಂತೆ ಎಲ್ಲ ಸ್ವಿಚ್ಚುಗಳ ಮೂಲಕ ಹಾಯಿಸಿದರೆ ಮುಗಿಯಿತು. ಮರದ ಪೆಟ್ಟಿಗೆಗೆ ರಂಧ್ರ ಕೊರೆದು ಇವನ್ನೆಲ್ಲ ಕೂರಿಸಿದರೆ ಮನೆಯಲ್ಲೇ ಆರ್ಕೇಡು.

ಹೇಳಿದಷ್ಟು ಸಲೀಸಲ್ಲ. ಬೆಸುಗೆಯ ಕಡ್ಡಿ ಎರಡು ಕ್ಷಣ ಹೆಚ್ಚು ನಿಂತರೆ ತಾಮ್ರದ ಗೆರೆಯೇ ಕಿತ್ತುಬರುತ್ತದೆ. ತಂತಿ ಎಳೆದರೂ ಅದೇ ಗತಿ. ಅದಕ್ಕೇ ಬೆಸೆದ ಜಾಗದ ಮೇಲೆ ಬಿಸಿ ಅಂಟಿನ ಗುಡ್ಡೆ ಹಾಕುತ್ತಾರೆ. ಕೆಲವು ಬೋರ್ಡುಗಳಲ್ಲಿ ಗುಂಡಿಗಳಿಗೆಲ್ಲ ಒಂದೇ ಗ್ರೌಂಡ್ ಇರುವುದಿಲ್ಲ. ಅಲ್ಲಿ ಮಾಲೆಯ ಉಪಾಯ ನಡೆಯದು. ಬಂದೂಕಿನ ಕುದುರೆಯಂಥ ಗುಂಡಿಗಳದು ಇನ್ನೊಂದು ಪೇಚು. ಅವು ಎಷ್ಟು ಒತ್ತಿದೆ ಎಂಬುದನ್ನು ವೋಲ್ಟೇಜಿನ ಏರಿಳಿತದಲ್ಲಿ ಹೇಳುತ್ತವೆ. ಅವನ್ನು ಸುಮ್ಮನೆ ಕಿತ್ತುಹಾಕಿದರೆ ಚಿಪ್ಪಿಗೆ ಗೊಂದಲವಾಗಿ, ಯಾರೂ ಒತ್ತದ ಗುಂಡಿ ಒತ್ತಿದಂತೆ ಕಾಣಬಹುದು. ಆಗ ರೆಸಿಸ್ಟರ್‌ಗಳನ್ನು ಬೆಸೆದು ‘ಯಾರೂ ಒತ್ತಿಲ್ಲ’ ಎಂಬ ವೋಲ್ಟೇಜನ್ನು ಸದಾ ಕೊಡುತ್ತಿರಬೇಕು. ಇಲ್ಲದ ಗುಂಡಿಯನ್ನು ಇದೆ ಎಂದು ನಂಬಿಸುವ ಕೆಲಸವಿದು.

ಬೀಗ ಹಾಕಿದ ಬಾಗಿಲು

2009ರಲ್ಲಿ ‘ಸ್ಟ್ರೀಟ್ ಫೈಟರ್ 4’ ಮನೆಯ ಯಂತ್ರಗಳಿಗೆ ಬಂದಾಗ ಅಮೆರಿಕದ ಮ್ಯಾಡ್ ಕ್ಯಾಟ್ಜ್ ಕಂಪನಿ ಸಾನ್ವಾ ಭಾಗಗಳನ್ನೇ ಹಾಕಿದ ಹಿಡಿಕೆಯನ್ನು ಸುಮಾರು 150 ಡಾಲರಿಗೆ ಮಾರುಕಟ್ಟೆಗೆ ತಂದಿತು. ಹವ್ಯಾಸಿಗಳು ವರ್ಷಗಟ್ಟಲೆ ಅಡುಗೆಮನೆಯ ಮೇಜಿನ ಮೇಲೆ ಮಾಡಿಕೊಂಡಿದ್ದುದು ಅಂಗಡಿಯ ಸರಕಾಯಿತು. ಇನ್ನು ಬಿಚ್ಚುವ ಅಗತ್ಯವೇನು ಎಂದು ಕೇಳಬಹುದು. ಅಗತ್ಯ ಉಳಿದದ್ದು ಬೇರೆ ಕಾರಣಕ್ಕೆ.

ಎಕ್ಸ್‌ಬಾಕ್ಸ್ 360 ಯಂತ್ರದ ಕಾಲದಿಂದ ಕಂಟ್ರೋಲರಿನೊಳಗೆ ಗುರುತು ಹೇಳುವ ಒಂದು ಚಿಪ್ ಇರುತ್ತದೆ. ‘ನೀನು ನಮ್ಮವನೇ?’ ಎಂಬ ಯಂತ್ರದ ಪ್ರಶ್ನೆಗೆ ಅದು ಸರಿಯುತ್ತರ ಕೊಡಬೇಕು. ಕೊಡದಿದ್ದರೆ ಪ್ರವೇಶವಿಲ್ಲ. 2013ರ ಪ್ಲೇಸ್ಟೇಷನ್ 4 ಗುರುತಿಲ್ಲದ ಕಂಟ್ರೋಲರನ್ನು 8 ನಿಮಿಷ ಆಡಲು ಬಿಟ್ಟು ಆಮೇಲೆ ಹೊರಹಾಕುತ್ತಿತ್ತು. ಕಳಪೆ ಮಾಲು, ಮೋಸದ ಸಾಧನಗಳಿಗೆ ತಡೆ ಎಂಬುದು ಇದರ ಪರವಾದ ವಾದ. ಲೈಸೆನ್ಸಿನ ಆದಾಯವೂ ಇದರಲ್ಲಿದೆ ಎಂಬುದನ್ನು ಮರೆಯುವಂತಿಲ್ಲ. ಎರಡು ಯಂತ್ರಗಳಿದ್ದವರು ಎರಡು ಹಿಡಿಕೆ ಕೊಳ್ಳಬೇಕಾಯಿತು. ಕಸುಬುದಾರರು ಇದಕ್ಕೂ ದಾರಿ ಕಂಡುಕೊಂಡರು. ಒಂದೇ ಪೆಟ್ಟಿಗೆಯಲ್ಲಿ ಎರಡು ಕಂಟ್ರೋಲರುಗಳ ಬೋರ್ಡು ಇಟ್ಟು, ಒಂದೇ ಹಿಡಿಕೆಯ ತಂತಿಗಳನ್ನು ಎರಡಕ್ಕೂ ಕೊಟ್ಟರು.

2021ರ ಜನವರಿಯಲ್ಲಿ ಬ್ರಿಟನ್ನಿನ ರಾಸ್ಪ್‌ಬೆರಿ ಪೈ ಸಂಸ್ಥೆ 4 ಡಾಲರ್ ಬೆಲೆಯ ‘ಪೈಕೊ’ ಎಂಬ ಪುಟ್ಟ ಬೋರ್ಡನ್ನು ತಂದ ಮೇಲೆ ಕಂಟ್ರೋಲರನ್ನು ಬಲಿಕೊಡುವ ಕಷ್ಟ ಬಹಳ ಕಡಿಮೆಯಾಯಿತು. ಹವ್ಯಾಸಿಗಳು ಬರೆದು ಹಂಚಿದ ತಂತ್ರಾಂಶವನ್ನು ಅದಕ್ಕೆ ತುಂಬಿದರೆ ಅದೇ ಕಂಟ್ರೋಲರಿನ ಬೋರ್ಡಾಗುತ್ತದೆ. ಆದರೆ ಗುರುತಿನ ಬೀಗ ಹಾಗೇ ಇದೆ. 2023ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಯಂತ್ರಗಳು ಅನುಮತಿಯಿಲ್ಲದ ಉಪಕರಣಗಳನ್ನು ತಡೆಯತೊಡಗಿದಾಗ ಅದುವರೆಗೆ ನಡೆಯುತ್ತಿದ್ದ ಅನೇಕ ಸಾಧನಗಳು ಕೈಕೊಟ್ಟವು. ಆಗ ಚಿಂತೆಗೀಡಾದವರು ಹಿಡಿಕೆಯ ಹುಚ್ಚಿನವರು ಮಾತ್ರವಲ್ಲ, ಅಂಗವಿಕಲ ಆಟಗಾರರೂ ಕೂಡ.

ಆಟಕ್ಕಿಂತ ಆಚೆಗೆ

ಅವರಿಗೂ ಇದಕ್ಕೂ ಏನು ಸಂಬಂಧ? ಅಂಗಡಿಯ ಕಂಟ್ರೋಲರು ಎರಡು ಕೈ, ಎರಡು ಹೆಬ್ಬೆರಳು, ಅವುಗಳಲ್ಲಿ ಸಾಕಷ್ಟು ಬಲ ಎಲ್ಲರಿಗೂ ಇದೆ ಎಂದು ನಂಬಿ ಮಾಡಿದ ವಸ್ತು. ಒಂದೇ ಕೈ ಇರುವವರಿಗೆ, ಬೆರಳು ಮಡಚಲಾಗದವರಿಗೆ ಅದು ಮುಚ್ಚಿದ ಬಾಗಿಲು. ಆದರೆ ಬೋರ್ಡಿಗೆ ಗುಂಡಿಯ ಪರಿಚಯವಿಲ್ಲ ಎಂಬ ಸತ್ಯ ಇಲ್ಲಿ ನೆರವಿಗೆ ಬರುತ್ತದೆ. ತಂತಿಯ ತುದಿಯ ಸ್ವಿಚ್ಚನ್ನು ಮೊಣಕೈಯ ಬಳಿ ಇಡಬಹುದು, ಪಾದದ ಕೆಳಗಿಡಬಹುದು, ಗಾಲಿಕುರ್ಚಿಯ ತಲೆದಿಂಬಿಗೆ ಕಟ್ಟಬಹುದು.

ಅಮೆರಿಕದ ವಾರ್‌ಫೈಟರ್ ಎಂಗೇಜ್ಡ್ ಎಂಬ ಸೇವಾಸಂಸ್ಥೆ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಕಂಟ್ರೋಲರುಗಳನ್ನು ಹೀಗೆ ಮಾರ್ಪಡಿಸಿ ಕೊಡುತ್ತಿತ್ತು. 2014ರಲ್ಲಿ ಅಂಥದೊಂದರ ಚಿತ್ರ ಮೈಕ್ರೊಸಾಫ್ಟ್‌ನ ಎಂಜಿನಿಯರೊಬ್ಬರ ಕಣ್ಣಿಗೆ ಬಿತ್ತು. ಅಲ್ಲಿಂದ ಶುರುವಾದ ಯೋಚನೆ 2018ರಲ್ಲಿ ‘ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್’ ಆಗಿ ಹೊರಬಂತು. ಅದರ ಬೆನ್ನಿನ ಉದ್ದಕ್ಕೂ ಹಳೆಯ ಇಯರ್‌ಫೋನ್ ಚುಚ್ಚುವಂಥ 19 ರಂಧ್ರಗಳು, ಒಂದೊಂದಕ್ಕೂ ಬೇಕಾದ ಸ್ವಿಚ್ಚು ಚುಚ್ಚಿಕೊಳ್ಳಬಹುದು. ಬೆಸುಗೆ ಬೇಡ, ಕೆರೆಯುವುದು ಬೇಡ. ಪ್ಯಾಡ್ ಹ್ಯಾಕ್ ಮಾಡುವವರು ಬೋರ್ಡಿನಿಂದ ಕಷ್ಟಪಟ್ಟು ಹೊರಗೆಳೆಯುತ್ತಿದ್ದ ತಂತಿಗಳನ್ನು ಕಂಪನಿಯೇ ಹೊರಗೆ ತಂದು ಕೊಟ್ಟಂತಾಯಿತು. ಅದೇ ಕಂಪನಿಯ ಯಂತ್ರ ಐದು ವರ್ಷಗಳ ನಂತರ ಗುರುತಿಲ್ಲದವರಿಗೆ ಬಾಗಿಲು ಮುಚ್ಚಿತು ಎಂಬುದನ್ನೂ ಜೊತೆಗೇ ನೆನೆಯಬೇಕು.

ನಮ್ಮ ಬಡಗಿ ಉಳಿಯ ಹಿಡಿಯನ್ನು ತನ್ನ ಮುಷ್ಟಿಗೆ ತಕ್ಕಂತೆ ತಾನೇ ಕೆತ್ತಿಕೊಳ್ಳುತ್ತಾನೆ. ರೈತ ಕುಡುಗೋಲಿಗೆ, ಗುದ್ದಲಿಗೆ ಕಾವು ಹಾಕುವಾಗಲೂ ಹಾಗೆಯೇ. ಉಪಕರಣ ಕೈಗೆ ಹೊಂದಬೇಕೇ ಹೊರತು ಕೈ ಉಪಕರಣಕ್ಕಲ್ಲ ಎಂಬುದು ಅವರಿಗೆ ಯಾರೂ ಹೇಳಿಕೊಟ್ಟ ಪಾಠವಲ್ಲ. ಪ್ಲಾಸ್ಟಿಕ್ ಚಿಪ್ಪಿನೊಳಗೆ ಮುಚ್ಚಿ ಬರುವ ಇಂದಿನ ವಸ್ತುಗಳ ಎದುರು ನಾವು ಆ ಹಕ್ಕನ್ನು ಮರೆತುಬಿಟ್ಟಿದ್ದೇವೆ. ಮುಂದಿನ ಸಲ ರಿಮೋಟಿನ ಗುಂಡಿ ಮುಷ್ಕರ ಹೂಡಿದಾಗ ಅದನ್ನು ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡಬಹುದು.