ಉದ್ಯಾನವೋ, ಆಸ್ಪತ್ರೆಯೋ?

ಆಸ್ಪತ್ರೆ ಬೇಡ ಎನ್ನುವವರುಂಟೆ? ಉಂಟು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಡಲು 1976ರಲ್ಲಿ ಸರ್ಕಾರ ಆದೇಶಿಸಿತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಬಿ.ಎಸ್. ಮುದ್ದಪ್ಪ ಮತ್ತಿತರರ ವಾದವನ್ನೇ ಎತ್ತಿಹಿಡಿಯಿತು: ಆಸ್ಪತ್ರೆ ಉಪಯುಕ್ತವೇ, ಆದರೆ ಉದ್ಯಾನಕ್ಕೆ ಅದು ಬದಲಿಯಲ್ಲ; ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ.

ವಿಜ್ಞಾನವೂ ಇದನ್ನೇ ಹೇಳುತ್ತದೆ. ಎಲೆಗಳಿಂದ ಆವಿಯಾಗುವ ನೀರು ಸುತ್ತಲಿನ ಶಾಖವನ್ನು ಹೀರುತ್ತದೆ. ಮಣ್ಣು ಮಳೆನೀರನ್ನು ಇಂಗಿಸುತ್ತದೆ. ಕಾಂಕ್ರೀಟು ಎರಡನ್ನೂ ಮಾಡದು.

ತೆಂಗಿನ ನೆರಳಲ್ಲಿ ಬೆಳೆದ ತಿಪಟೂರು, ತುರುವೇಕೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಿವೇಶನ ಕೊಳ್ಳುವಾಗ ಬಡಾವಣೆಯ ನಕ್ಷೆಯಲ್ಲಿ ಉದ್ಯಾನದ ಜಾಗ ಎಲ್ಲಿದೆ ಎಂದು ನೋಡಿ, ಪ್ರತಿಯೊಂದನ್ನು ತೆಗೆದಿಡಿ. ಮುದ್ದಪ್ಪನವರ ಕೈಗೆ ಬಲ ಕೊಟ್ಟದ್ದು ಅಂಥ ನಕ್ಷೆಯೇ.