17 ಕಿಲೋಮೀಟರ್ ಎತ್ತರದ ಚಳಿ

ಹೈದರಾಬಾದಿನಲ್ಲಿ ಬೆಳಕು ಹರಿಯಲು ಇನ್ನೂ ಹೊತ್ತಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದ ಬಯಲಲ್ಲಿ ಪಾಲಿಥೀನ್ ಬಲೂನೊಂದು ಉದ್ದಕ್ಕೆ ಮಲಗಿದೆ. ಜಲಜನಕ ನುಗ್ಗಿದಂತೆ ತುದಿಯಲ್ಲೊಂದು ಗುಳ್ಳೆ ಏಳುತ್ತದೆ. ಮಿಕ್ಕ ಮೈಯೆಲ್ಲ ಮಡಿಕೆ ಮಡಿಕೆಯಾಗಿ ಜೋಲುತ್ತದೆ.

ಹಾಳೆಯ ದಪ್ಪ 20 ಮೈಕ್ರಾನಿನ ಆಸುಪಾಸು. ಚೂರೊಂದನ್ನು ಹಿಡಿದು ನಿಧಾನವಾಗಿ ಎಳೆಯಿರಿ, ಥಟ್ಟನೆ ಹರಿಯುವುದಿಲ್ಲ. ನಡುವೆಲ್ಲೋ ಸಣ್ಣಗಾಗಿ, ಬಿಳಿಚಿಕೊಂಡು, ಆ ಸಣ್ಣ ನಡುವೇ ಅತ್ತಿತ್ತ ಹಬ್ಬುತ್ತ ಹಾಳೆ ಹಲವು ಪಟ್ಟು ಉದ್ದವಾಗುತ್ತದೆ. ಹಾಲಿನ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ಎಳೆದವರಿಗೆ ಇದು ಗೊತ್ತು. ಒಳಗೆ ಒತ್ತಾಗಿ ಜೋಡಿಕೊಂಡ ಹರಳುಗಳಿವೆ, ಅವುಗಳ ನಡುವೆ ಸಿಕ್ಕುಸಿಕ್ಕಾದ ಅಣುಸರಪಳಿಗಳಿವೆ. ಎಳೆತ ಬಿದ್ದಾಗ ಸರಪಳಿಗಳು ಜಾರಿಕೊಳ್ಳುತ್ತವೆ, ಹರಳುಗಳು ಬಿಚ್ಚಿಕೊಂಡು ಎಳೆದ ದಿಕ್ಕಿಗೆ ಸಾಲುಗಟ್ಟುತ್ತವೆ. ಗೀರಿದ್ದರೂ ಅದರ ಮೊನೆ ಮೊಂಡಾಗುತ್ತದೆ.

ಬಲೂನನ್ನು ಬಿಟ್ಟರು. ನಿಮಿಷಕ್ಕೆ ಸುಮಾರು 300 ಮೀಟರ್ ಏರಿದರೆ ಒಂದು ಗಂಟೆಯೊಳಗೆ 17 ಕಿಲೋಮೀಟರ್. ಚಳಿ ಹೆಚ್ಚಿರುವುದು ಧ್ರುವಗಳ ಕಡೆ ಎಂದು ನಾವಂದುಕೊಂಡಿರುತ್ತೇವೆ. ಈ ಎತ್ತರದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಉಷ್ಣವಲಯದಲ್ಲಿ ವಾತಾವರಣದ ಕೆಳಪದರ ಬಲು ಎತ್ತರಕ್ಕೆ ಹಬ್ಬಿರುವುದರಿಂದ ಅದರ ನೆತ್ತಿಯಲ್ಲಿ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಚಳಿ. ಶೀತ ದೇಶಗಳ ಮೇಲೆ ಸಲೀಸಾಗಿ ಏರುವ ಹಾಳೆ ಇಲ್ಲಿ ಕೈಕೊಡಬಹುದು.

ಆ ಚಳಿಗೆ ಸರಪಳಿಗಳು ಮರಗಟ್ಟುತ್ತವೆ. ಎಳೆತವನ್ನು ಹಂಚಿಕೊಳ್ಳಲು ಯಾವುದೂ ಜಾರುವುದಿಲ್ಲ, ಗೀರಿನ ಮೊನೆ ಚೂಪಾಗಿಯೇ ಉಳಿದು ಸರ್ರನೆ ಓಡುತ್ತದೆ. ನಿಧಾನಕ್ಕೆ ಎಳೆದರೆ ತಡೆದೀತು, ಜಗ್ಗಿದರೆ ತಡೆಯದು: ಸರಪಳಿ ಸರಿಯಲು ಸಮಯ ಬೇಕು, ಚಳಿಯಲ್ಲಿ ಆ ಸಮಯ ಇನ್ನೂ ಹೆಚ್ಚು. ಕೆಟ್ಟದ್ದೆಂದರೆ, ಜಗ್ಗಾಟ ನಡೆಯುವುದೂ ಇಲ್ಲೇ. ಒಳಗಿನ ಅನಿಲ ಹಿಗ್ಗುತ್ತಿದೆ, ಹಿಗ್ಗುತ್ತಲೇ ತಣ್ಣಗಾಗುತ್ತಿದೆ. ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ. ಮೇಲೊಂದು ಕೆಳಗೊಂದು ವೇಗದ ಗಾಳಿ ಬೇರೆ.

ಅದಕ್ಕೇ ಬಲೂನಿನ ಹಾಳೆಗೆ ನೆಲದ ಮೇಲೇ ಚಳಿಯ ಪರೀಕ್ಷೆ. ತಣಿಸಿದ ಹಾಳೆಯನ್ನು ಬಿಗಿದು ಗುಂಡು ಬೀಳಿಸುತ್ತಾರೆ. ಜಗ್ಗಿ ತೂತಾದ ಹಾಳೆ ಪಾಸು. ಗಾಜಿನಂತೆ ಚೂರಾದರೆ ಫೇಲು. ತೂತಾಗಿಯೂ ಪಾಸಾಗುವ ಪರೀಕ್ಷೆ ಬೇರೆಲ್ಲಿದೆಯೋ!

ಬಲೂನು ಕೆಳಪದರದ ನೆತ್ತಿ ದಾಟಿದರೆ ಓಝೋನ್ ಹೀರಿಕೊಂಡ ಬಿಸಿಲಿನ ಶಾಖದಿಂದ ಗಾಳಿ ಮತ್ತೆ ಬೆಚ್ಚಗಾಗತೊಡಗುತ್ತದೆ, ಹಾಳೆಯೂ ಮೆದುವಾಗುತ್ತದೆ. 30 ಕಿಲೋಮೀಟರ್ ಮೇಲೆ ಬಲೂನು ಪೂರ್ತಿ ಉಬ್ಬಿದಾಗ ನೋಡುವವರಿಗೆ ಎದೆ ಢವಢವ. ನಿಜವಾಗಿ ಅಪಾಯ ಕಳೆದಿರುತ್ತದೆ. ಹೆಚ್ಚಾದ ಜಲಜನಕ ಬುಡದ ಕೊಳವೆಗಳಿಂದ ಹೊರಗೆ ಹೋಗುತ್ತಿರುತ್ತದೆ.